ಬೈಸಿಕೊಳ್ಳುವ ಅಡುಗೆ

ಶವಪೆಟ್ಟಿಗೆಯ ಮೇಲಿನ ಬಾವುಟ ಮತ್ತೊಮ್ಮೆ ಹಾರಿಹೋಗಿ ಪಕ್ಕದ ಸಮಾಧಿಯ ಕಲ್ಲಿನ ದೇವದೂತನ ಮೋರೆ ಮುಚ್ಚಿತು. ಮಾಜಿ ಸೈನಿಕರ ಸಂಘದ ಅಧ್ಯಕ್ಷ ರೆಜ್ ಟ್ರೆಂಬಾತ್ ಅದರ ಹಿಂದೆ ಓಡಿದ. ಎದೆಯ ಮೇಲಿನ ಪದಕಗಳು ಎತ್ತಿನ ಗೆಜ್ಜೆಯ ಹಾಗೆ ಸದ್ದು ಮಾಡಿದವು. ಕೊಲ್ಲಿಯ ಕಡೆಯಿಂದ ಬೀಸುವ ಗಾಳಿಗೆ ಸತ್ತವರು ಬದುಕಿದವರು ಎಂಬ ಭೇದವಿರಲಿಲ್ಲ.

"ಡೋರೀನ್, ಕಾರಿನ ಹಿಂದೆ ಬಟ್ಟೆ ಒಣಹಾಕೋ ಕ್ಲಿಪ್ಪುಗಳಿವೆ, ತಗೊಂಡ್ಬಾ," ಎಂದಳು ಇಲ್ಮಾ. ಸತ್ತವನ ಹೆಂಡತಿ ಅವಳೇ.

"ಅಮ್ಮಾ, ಅದು ದೇಶದ ಬಾವುಟ," ಎಂದು ಮಗಳು ಪಿಸುಗುಟ್ಟಿದಳು.

"ಇರ್ಲಿ ಬಿಡು. ಹಾರಿಹೋಗೋದ್ರಲ್ಲಿ ಅದಕ್ಕೂ ದಿಂಬಿನ ಚೀಲಕ್ಕೂ ಏನು ವ್ಯತ್ಯಾಸ?"

ಹೀಗಾಗಿ ಪಾದ್ರಿ ಪ್ರಾರ್ಥನೆ ಮುಗಿಸುವವರೆಗೂ ಆಲ್ಬಿ ಪೆಂಗೆಲಿಯ ಮೇಲಿನ ಬಾವುಟಕ್ಕೆ ಹಳದಿ ಹಸಿರು ಪ್ಲಾಸ್ಟಿಕ್ ಕ್ಲಿಪ್ಪುಗಳು ಕಚ್ಚಿಕೊಂಡಿದ್ದವು. ರೆಜ್ ಮುಖ ಗಂಟುಹಾಕಿಕೊಂಡು ಸೆಲ್ಯೂಟ್ ಹೊಡೆದ. ಪೆಟ್ಟಿಗೆ ಗುಂಡಿಗೆ ಇಳಿಯಿತು. ಜನ ಒಂದೊಂದು ಹಿಡಿ ಕೆಂಪು ಮಣ್ಣು ಹಾಕಿ, ಗಾಳಿ ಅದರಲ್ಲಿ ಅರ್ಧವನ್ನು ಅವರವರ ಕಣ್ಣಿಗೇ ಹಿಂತಿರುಗಿಸಿದ್ದರಿಂದ, ಅಳುತ್ತಿರುವವರ ಹಾಗೆಯೇ ಗೇಟಿನತ್ತ ನಡೆದರು.

ಗೇಟಿನ ಬಳಿ ಸಮಾಧಾನ ಹೇಳಲು ಬಂದವರಿಗೆಲ್ಲ ಇಲ್ಮಾ ಒಂದೇ ಮಾತು ಹೇಳುತ್ತಿದ್ದಳು.

"ಮದುವೆ ಆದಾಗಿಂದ ನನ್ನ ಅಡುಗೇನ ಬೈಯದ ದಿನ ಇಲ್ಲ. ಆದರೆ ಹೋದ ಮಂಗಳವಾರ ಆಸ್ಪತ್ರೆಗೆ ಕಸ್ಟರ್ಡ್ ತಗೊಂಡು ಹೋಗಿದ್ದೆ ನೋಡಿ. ಎರಡು ಚಮಚ ತಿಂದು, 'ಚೆನ್ನಾಗಿದೆ ಇಲ್ಮಾ' ಅಂದ. ಕೊನೆಗೂ ಬಾಯಲ್ಲಿ ಬಂತು. ಬುಧವಾರ ಹೋದ."

*

ಆಲ್ಬಿ ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಅಡುಗೆಯವನಾಗಿದ್ದ. ಮದುವೆಗೆ ಮುಂಚೆ ಇದನ್ನು ಕೇಳಿ ಇಲ್ಮಾಳ ಗೆಳತಿಯರು ಹೊಟ್ಟೆಕಿಚ್ಚುಪಟ್ಟಿದ್ದರು. ಅವಳ ಪುಣ್ಯ ಎಂದಿದ್ದರು. ಆ ಪುಣ್ಯ ಅಡುಗೆಮನೆಯ ಹೊಸ್ತಿಲವರೆಗೆ ಬಂದು ನಿಂತುಬಿಟ್ಟಿತ್ತು. ಆಲ್ಬಿ ಹಿಂದಿನ ಶೆಡ್ಡಿನಲ್ಲಿ ಕೂತು ಆಲೂಗಡ್ಡೆಯನ್ನು ಈರುಳ್ಳಿಯ ಪೊರೆಯಷ್ಟು ತೆಳ್ಳಗೆ ಸುಲಿದುಕೊಡುತ್ತಿದ್ದ. ಒಲೆಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಡೋರೀನ್ ಕೂಸಾಗಿದ್ದಾಗ ಇಲ್ಮಾ ಕೋಳಿಗೂಡಿನ ಬಳಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಆಲ್ಬಿ ಬೀನ್ಸ್ ಡಬ್ಬ ತೆರೆದು, ಬಿಸಿ ಕೂಡ ಮಾಡದೆ, ಚಮಚ ನೆಟ್ಟು ಅವಳ ಮುಂದಿಟ್ಟ.

"ಸಾವಿರ ಜನಕ್ಕೆ ಬೇಯಿಸಿ ಹಾಕಿದೋನಿಗೆ ಹೆಂಡತಿಗೊಂದು ಮೊಟ್ಟೆ ಬೇಯಿಸೋಕೆ ಆಗಲ್ವಾ?"

"ಗ್ಯಾಸ್ ವಾಸನೆ ಆಗಿಬರಲ್ಲ," ಎಂದ ಆಲ್ಬಿ.

ಅವರ ಮನೆಯಲ್ಲಿ ಆಗ ಇದ್ದದ್ದು ಸೌದೆ ಒಲೆ.

ಇಷ್ಟಿದ್ದರೂ ಅವಳು ಮಾಡಿ ಬಡಿಸಿದ್ದರಲ್ಲಿ ಕೊಂಕು ತೆಗೆಯುವುದರಲ್ಲಿ ಮಾತ್ರ ಹಿಂದೆಬಿದ್ದವನಲ್ಲ. ಡೋರೀನ್ ಅಡಿಲೇಡಿಗೆ ನರ್ಸಿಂಗ್ ಕಲಿಯಲು ಹೊರಟ ಬೆಳಗ್ಗೆಯಂತೂ, "ಇದೇನೇ, ಚಪ್ಪಲಿ ಹುರಿದಿದ್ದೀಯಾ?" ಎಂದು ಊರು ಕೇಳುವ ಹಾಗೆ ಕೂಗಿ ಹುಡುಗಿಯನ್ನು ಅಳಿಸಿದ್ದ. ಇಲ್ಮಾ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

*

ಊರಿನ ಸಭಾಭವನದಲ್ಲಿ ಸ್ಯಾಂಡ್‌ವಿಚ್ಚು, ಟೀ ಸಿದ್ಧವಾಗಿದ್ದವು. ರೆಜ್ ಗಂಟಲು ಸರಿಮಾಡಿಕೊಂಡು ಭಾಷಣಕ್ಕೆ ನಿಂತ.

"ನ್ಯೂಗಿನಿಯ ಆ ಘೋರ ಕಾಡಿನಲ್ಲಿ, ಶತ್ರುವಿನ ಗುಂಡಿಗೆ ಎದೆಯೊಡ್ಡಿ ನಿಂತ ನಮ್ಮ ಆಲ್ಬರ್ಟ್ ಪೆಂಗೆಲಿ..."

"ಎದೆ ಅಲ್ಲಪ್ಪ, ಸೌಟು," ಎಂದು ಹಿಂದಿನಿಂದ ಒಂದು ದನಿ ಬಂತು.

ಎಲ್ಲರೂ ತಿರುಗಿದರು. ತೋಳು ಮೊಣಕೈಗೇ ಮುಗಿದುಹೋದಂತಿದ್ದ ಗಿಡ್ಡ ಕೋಟು ತೊಟ್ಟ ಒಬ್ಬ ಉದ್ದನೆಯ ಮುದುಕ ಸಾಸೇಜ್ ರೋಲ್ ಹಿಡಿದು ನಿಂತಿದ್ದ.

"ಕ್ಷಮಿಸಿ. ಕ್ಲೆಮ್ ಹ್ಯಾನಫಿನ್ ಅಂತ. ಬ್ರೋಕನ್ ಹಿಲ್‌ನಿಂದ ಬಸ್ಸಲ್ಲಿ ಬಂದೆ. ಸೈನ್ಯದಲ್ಲಿ ಆಲ್ಬಿ ಕಂಪನೀಲೇ, ಅದೇ ತುಕಡೀಲೇ ಇದ್ದವನು. ನೀವು ಮುಂದುವರಿಸಿ ಸ್ವಾಮಿ."

ರೆಜ್ ಮುಂದುವರಿಸಲು ನೋಡಿದ. ಆದರೆ ಅವನು ಯುದ್ಧವಿಡೀ ಮೆಲ್ಬರ್ನಿನಲ್ಲಿ ಬೂಟುಗಳ ಉಗ್ರಾಣ ಕಾದವನೆಂಬುದು ಊರಿಗೆಲ್ಲ ಗೊತ್ತಿದ್ದರಿಂದ ಜನರ ಕಿವಿ ಆಗಲೇ ಪಕ್ಷ ಬದಲಿಸಿತ್ತು. ಇಲ್ಮಾ ತನ್ನ ಪಕ್ಕದ ಕುರ್ಚಿ ಎಳೆದು ತೋರಿಸಿದಳು.

"ಕೂತ್ಕೊಳ್ಳಿ. ಅವನ ಅಡುಗೆ ಹೇಗಿರ್ತಿತ್ತು ಹೇಳಿ. ನನಗೆ ಅದರ ರುಚಿ ನೋಡೋ ಭಾಗ್ಯ ಇರಲಿಲ್ಲ."

"ಸತ್ತೋನ ಬಗ್ಗೆ ಒಳ್ಳೇದು ಹೇಳಬೇಕು ಮಿಸೆಸ್ ಪೆಂಗೆಲಿ. ಅದಕ್ಕೇ ಸುಮ್ಮನಿರ್ತೀನಿ."

"ಇಲ್ಮಾ ಅನ್ನಿ. ಹೇಳಿ ಪರವಾಗಿಲ್ಲ."

"ಒಂದ್ಸಲ ನಾವು ಹಿಂದೆ ಸರಿಯೋವಾಗ ಅವನ ಸ್ಟ್ಯೂ ಪಾತ್ರೆ ಅಲ್ಲೇ ಉಳೀತು. ಜಪಾನಿನೋರಿಗೆ ಸಿಕ್ತು. ಮಾರನೇ ದಿನ ಅವರೂ ಜಾಗ ಖಾಲಿ ಮಾಡಿದ್ರು. ಅದಕ್ಕೆ ಬೇರೆ ಕಾರಣ ಇದೆ ಅಂತ ಮೇಲಿನೋರು ಹೇಳ್ತಾರೆ. ನಾವು ನಂಬಿಲ್ಲ."

ಸಭಾಭವನದಲ್ಲಿ ನಗು ಹಬ್ಬಿತು. ಇಲ್ಮಾಳೂ ನಕ್ಕಳು.

"ಅಷ್ಟು ಕೆಟ್ಟದಾಗಿ ಮಾಡೋನು ನನ್ನ ಅಡುಗೆ ಬೈತಿದ್ನಲ್ಲ."

ಕ್ಲೆಮ್ ನಗಲಿಲ್ಲ. "ಬೈತಿದ್ನಾ?"

"ದಿನಾ."

ಅವನು ಸಾಸೇಜ್ ರೋಲನ್ನು ತಟ್ಟೆಗಿಟ್ಟ.

"ಅವನಿಗೆ ಅಡುಗೆ ಬರ್ತಿತ್ತು ಇಲ್ಮಾ. ಒಂದೇ ಸಲ ಚೆನ್ನಾಗಿ ಮಾಡಿದ್ದ."

*

ಅದು ಕಾಡು ಮುಗಿದು ಕಡಲು ಸಿಗುವ ಜಾಗ. ಬೆಳಕು ಹರಿಯುತ್ತಲೇ ಕಂಪನಿ ದಾಳಿಗೆ ಹೊರಟಿತ್ತು. ಮಧ್ಯಾಹ್ನ ಹಿಂತಿರುಗುವವರಿಗೆ ಬಿಸಿ ಊಟವಿರಲಿ ಎಂದು ಅಧಿಕಾರಿ ಹೇಳಿದ್ದ. ಆಲ್ಬಿ ತನ್ನ ಟೋಪಿಯನ್ನು ಒಬ್ಬ ಅಮೆರಿಕನ್ ಸೈನಿಕನಿಗೆ ಕೊಟ್ಟು ಒಂದು ಚೀಲ ಈರುಳ್ಳಿ ತಂದ. ಡಬ್ಬದ ಮಾಂಸವನ್ನು ಈರುಳ್ಳಿಯ ಜೊತೆ ಕೆಂಪಗೆ ಹುರಿದು, ಯಾವುದೋ ಕಾಡುಸೊಪ್ಪು ಹಾಕಿ, ಇಡೀ ಕಂಪನಿಗಾಗುವಷ್ಟು ಕುದಿಸಿದ. ಗಾಯಾಳುಗಳನ್ನು ಹೊರುತ್ತಿದ್ದವರು ಕೂಡ ಘಮಕ್ಕೆ ತಿರುಗಿ ನೋಡುತ್ತಿದ್ದರು.

ಮಧ್ಯಾಹ್ನ ಹಿಂತಿರುಗಿದವರು ಒಂದೇ ಮರದ ನೆರಳು ಸಾಕಾಗುವಷ್ಟೇ ಜನ.

ಆಲ್ಬಿ ಬಡಿಸಿದ. "ಚೆನ್ನಾಗಿದೆ ಆಲ್ಬಿ," ಎಂದ ಒಬ್ಬ. ಆಲ್ಬಿ ಕೆಂಡ ಆರದಂತೆ ಕೆದಕುತ್ತ, "ದಾರಿ ತಪ್ಪಿರ್ತಾರೆ, ಬರ್ತಾರೆ," ಎನ್ನುತ್ತ ಹೊತ್ತು ಇಳಿಯುವವರೆಗೂ ನಿಂತಿದ್ದ. ಆಮೇಲೆ ಕ್ಲೆಮ್ ಪಾತ್ರೆಯ ಒಂದು ಕಿವಿ ಹಿಡಿದ, ಆಲ್ಬಿ ಇನ್ನೊಂದು. ತುಂಬಿದ ಪಾತ್ರೆ ಗುಂಡಿಗೆ ಮಗುಚುವುದಕ್ಕೆ ಇಬ್ಬರು ಬೇಕಾಯಿತು.

*

"ಅವತ್ತಿಂದ ಬೇಕಂತಲೇ ಕೆಡಿಸೋಕೆ ಶುರು ಮಾಡ್ದ," ಎಂದ ಕ್ಲೆಮ್. "ನಾನು ಕೇಳ್ದೆ, ಯಾಕಯ್ಯಾ ಹೀಗೆ ಅಂತ. 'ಚೆನ್ನಾಗಿ ಮಾಡಿದ್ರೆ ಬರಲ್ಲ ಕಣೋ. ಕೆಟ್ಟದಾಗಿದ್ರೆ ಬೈಯೋಕಾದ್ರೂ ವಾಪಸ್ ಬರ್ತೀರಿ' ಅಂದ. ತಲೆ ಕೆಟ್ಟಿದೆ ಅಂದ್ಕೊಂಡ್ವಿ. ಆಮೇಲೆ ನಮಗೂ ಅದೇ ಅಭ್ಯಾಸ ಆಯ್ತು. ಗುಂಡಿನ ಬಾಯಿಂದ ಬರ್ತಾನೇ ಅವನ ವಂಶಾನೆಲ್ಲ ಬೈಕೊಂಡು ಬರ್ತಿದ್ವಿ. ಅವನು ಅಲ್ಲಿ ಸೌಟು ಹಿಡ್ಕೊಂಡು ಹಲ್ಲು ಕಿರೀತಿದ್ದ. ಯಾವನಾದ್ರೂ ಹೊಸಬ ಅಪ್ಪಿತಪ್ಪಿ ಚೆನ್ನಾಗಿದೆ ಅಂದ್ರೆ ತಟ್ಟೆ ಕಿತ್ಕೋತಿದ್ದ. 'ಎಲ್ಲಿಗೋ ಹೊರಟೆ, ಸಾಯೋಕಾ?' ಅಂತ."

ಡೋರೀನ್ ತಾಯಿಯ ತೋಳು ಹಿಡಿದುಕೊಂಡಳು.

"ಮತ್ತೆ ಮನೇಲಿ ಒಲೆ ಯಾಕೆ ಮುಟ್ಟಲಿಲ್ಲ?" ಎಂದಳು ಇಲ್ಮಾ.

"ನಿಮಗೆ ಕೆಟ್ಟದ್ದು ತಿನ್ನಿಸೋಕೆ ಮನಸ್ಸು ಬಂದಿರಲ್ಲ. ಚೆನ್ನಾಗಿ ಮಾಡೋಕೆ ಧೈರ್ಯ ಸಾಲದೆ ಹೋಗಿರುತ್ತೆ."

ಇಲ್ಮಾ ತನ್ನ ಕೈಗವಸುಗಳನ್ನು ಕಳಚಿ ಮಡಿಲಲ್ಲಿಟ್ಟುಕೊಂಡಳು.

"ಅಂದ್ರೆ ಆ ಕಸ್ಟರ್ಡು..."

"ಅಮ್ಮಾ, ಅದು ನಿಜವಾಗ್ಲೂ ಚೆನ್ನಾಗಿತ್ತು," ಎಂದಳು ಡೋರೀನ್.

"ಇಲ್ಲ ಕಣೇ. ತಳ ಹಿಡಿದಿತ್ತು. ಆಸ್ಪತ್ರೆಗೆ ಹೊತ್ತಾಯ್ತು ಅಂತ ಹಾಗೇ ಎತ್ಕೊಂಡು ಹೋಗಿದ್ದೆ."

ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ರೆಜ್ ಓಡಿಬಂದು ಕರವಸ್ತ್ರ ಕೊಟ್ಟ. ಹತ್ತಿರ ಬಂದಾಗಲೇ ಅವನಿಗೆ ಅನುಮಾನವಾದದ್ದು. ಅವಳು ನಗುತ್ತಲೂ ಇದ್ದಳು.

"ಎಂಥಾ ಸುಳ್ಳುಗಾರ," ಎಂದಳು. "ಬೈದಿದ್ದೂ ಸುಳ್ಳು, ಹೋಗೋವಾಗ ಹೊಗಳಿದ್ದೂ ಸುಳ್ಳು. ಅಯ್ಯೋ, ಎಂಥಾ ಸುಳ್ಳುಗಾರ ನನ್ನ ಗಂಡ."

ಮಾತಿನಲ್ಲಿ ಕ್ಲೆಮ್‌ನ ಬಸ್ಸು ತಪ್ಪಿತು. ಇನ್ನು ಬಸ್ಸಿರುವುದು ನಾಳೆಯೇ. ಡೋರೀನ್ ಇಬ್ಬರನ್ನೂ ಮನೆಗೆ ಕರೆತಂದಳು. ಇಲ್ಮಾ ಎಂದಿನಂತೆ ನೇರವಾಗಿ ಅಡುಗೆಮನೆಗೆ ನುಗ್ಗಿ ಒಲೆ ಹಚ್ಚಲು ಕೈ ಚಾಚಿದಳು. ಕ್ಲೆಮ್ ಬೆಂಕಿಪೊಟ್ಟಣ ತೆಗೆದುಕೊಂಡ.

"ಕೂತ್ಕೊಳ್ಳಿ ಇಲ್ಮಾ. ಕಂಪನಿಯವನೊಬ್ಬ ನಿಮಗೆ ಬಾಕಿ ಇರೋ ಊಟ ಹಾಕ್ತಾನೆ."

"ನಿಮಗೆ ಬರುತ್ತಾ?"

"ಏನೇನೂ ಬರಲ್ಲ."

ಸ್ವಲ್ಪ ಹೊತ್ತಿನಲ್ಲಿ ಕಿಟಕಿಯಿಂದ ಎಂಥಾ ಹೊಗೆ ಎದ್ದಿತೆಂದರೆ, ಪಕ್ಕದ ಮನೆಯವರು ನೀರಿನ ಪೈಪು ಎಳೆದುಕೊಂಡು ಬೇಲಿಯವರೆಗೆ ಓಡಿಬಂದರು. ಒಳಗೆ ಡೋರೀನ್ ಕೆಮ್ಮುತ್ತ ಬಾಗಿಲು ತೆರೆಯುತ್ತಿದ್ದಳು. ಗಿಡ್ಡ ಕೋಟಿನ ಮುದುಕ ಬಾಣಲೆಯ ಜೊತೆ ಗುದ್ದಾಡುತ್ತಿದ್ದ. ಮೇಜಿನ ಎದುರು ಇಲ್ಮಾ, ಕರಿಯ ಟೋಪಿಯನ್ನು ಇನ್ನೂ ತೆಗೆಯದೆ, ಒಂದು ಕೈಯಲ್ಲಿ ಚಾಕು ಇನ್ನೊಂದರಲ್ಲಿ ಫೋರ್ಕು ನೆಟ್ಟಗೆ ಹಿಡಿದು, ಶಾಲೆಯ ಮೊದಲ ದಿನದ ಮಗುವಿನಂತೆ ಕಾಯುತ್ತ ಕೂತಿದ್ದಳು.