ಕೊಯ್ಯದ ಪುಟಗಳು

ಆನ್ಸೆಲ್ಮ್ ಮುದುಕನ ಮುಂದೆ ದೇವರನ್ನು ಬೈದರೂ ನಡೆದೀತು, ನೆಪೋಲಿಯನ್ನನನ್ನು ಬೈದರೆ ಮಾತ್ರ ಬೈದವನ ಕತೆ ಮುಗಿಯಿತು ಅಂತಲೇ ಲೆಕ್ಕ. ರಷ್ಯಾದ ಹಿಮಕ್ಕೆ ಮೂರು ಕಾಲ್ಬೆರಳು ಒಪ್ಪಿಸಿ ಬಂದವನು ಅವನು. ಸಾಮ್ರಾಟ ಸತ್ತು ಹದಿನೈದು ವರ್ಷವಾದರೂ ಆ ಸೋಲಿನ ತಪ್ಪನ್ನೆಲ್ಲ ಹಿಮದ ಮೇಲೇ ಹೊರಿಸುತ್ತಿದ್ದ. ಬರ್ಗಂಡಿಯ ಆ ಮನೆಯಲ್ಲಿ, ಒಲೆಯ ಮೇಲಿನ ಹಲಗೆಯಲ್ಲಿ, ಸಾಮ್ರಾಟ ಮಾಡಿಸಿದ ಕಾನೂನಿನ ದಪ್ಪ ಪುಸ್ತಕವಿತ್ತು. ಊರೂರು ತಿರುಗುವ ವ್ಯಾಪಾರಿಗೆ ಒಂದು ಪೀಪಾಯಿ ವೈನ್ ಕೊಟ್ಟು ತಂದದ್ದು. ಮುದುಕನಿಗೆ ಅಕ್ಷರ ಬಾರದು. ಮನೆಯಲ್ಲಿ ಯಾರಾದರೂ ಆಣೆ ಇಡುವುದಿದ್ದರೆ ಅದರ ಮೇಲೆ, ಅಷ್ಟೇ ಅದರ ಉಪಯೋಗ. ಆಗಿನ ಪುಸ್ತಕಗಳ ಹಾಳೆ ಮಡಿಸಿದಂತೆಯೇ ಬರುತ್ತಿತ್ತು, ಕೊಂಡವರೇ ಅಂಚು ಕೊಯ್ದು ಓದಬೇಕು; ಇದರ ಅಂಚನ್ನು ಇನ್ನೂ ಯಾರೂ ಕೊಯ್ದಿರಲಿಲ್ಲ.

ಆ ಭಾನುವಾರ ಅದರ ಮುಂದೆ ನಿಂತವಳು ಮಗಳು ಸಿಡೋನಿ. ಮದುವೆಗೆ ಎಂಟೇ ದಿನ ಉಳಿದಿತ್ತು. ತವರಿನ ದ್ರಾಕ್ಷಿತೋಟದಲ್ಲಿ ತನಗೆ ಪಾಲು ಬೇಡವೆಂದು ಅವಳು ಆಣೆ ಇಡಬೇಕಿತ್ತು. ಅಜ್ಜಿ, ಮುತ್ತಜ್ಜಿ, ಅತ್ತೆಯರು ಎಲ್ಲರೂ ಹಾಗೆಯೇ ಬರಿಗೈಯಲ್ಲಿ ಹೊರಟವರು. ಆದರೆ ಅಣ್ಣ ಗಾಸ್ಪಾರ್‌ನ ಸರಿಸಮಕ್ಕೆ ಹತ್ತು ವರ್ಷ ಬಳ್ಳಿ ಸವರಿದವಳು ಇವಳು. ಆ ತೋಟ ಬಿಡಬೇಕೆಂದರೆ ಅವಳಿಗೆ ಕರುಳು ಕಿತ್ತುಬರುತ್ತಿತ್ತು.

"ಕೈ ಇಡೇ ಮಗಳೇ, ಊಟಕ್ಕೆ ಹೊತ್ತಾಯ್ತು," ಎಂದ ಆನ್ಸೆಲ್ಮ್.

"ಇಡ್ತೀನಪ್ಪಾ. ಅದಕ್ಕೆ ಮುಂಚೆ ಒಂದು ಮಾತು. ಇದರಲ್ಲಿ ನಿನ್ನ ಸಾಮ್ರಾಟ ಬರೆಸಿದ್ದೆಲ್ಲಾ ನಿನಗೆ ಒಪ್ಪಿಗೆ ತಾನೆ?"

"ಇದೊಂದು ಕೇಳೋ ಮಾತೇನೇ? ಅವನ ಆಜ್ಞೆ ಯಾವತ್ತಾದ್ರೂ ಮೀರಿದೀನಾ ನಾನು?"

"ಹಾಗಾದ್ರೆ ನಿನ್ನ ಚೂರಿ ಕೊಡು."

ಬಳ್ಳಿ ಸವರುವ ಬಾಗುಚೂರಿ ಅವನ ಸೊಂಟದಲ್ಲೇ ಇತ್ತು. ಏನೂ ಅರ್ಥವಾಗದೆ ಕೊಟ್ಟ.

"ಪುಸ್ತಕ ಏನು ಕೋಳೀನಾ, ಕೊಯ್ಯೋಕೆ?" ಗಾಸ್ಪಾರ್ ನಕ್ಕ.

ಸಿಡೋನಿ ಪಾದ್ರಿಯ ತಂಗಿಯ ಹತ್ತಿರ ಓದು ಕಲಿತಿದ್ದಳು. ಧೂಳು ಒರೆಸುವ ನೆಪದಲ್ಲಿ ಎರಡು ಚಳಿಗಾಲ ಆ ಮಡಿಕೆಗಳೊಳಗೆ ಇಣುಕಿ ಇಣುಕಿ ಓದಿದ್ದಳು. ಬೇಕಾದ ಪುಟ ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತು. ಚೂರಿಯಿಂದ ಅಂಚು ಸೀಳಿ, ಗಟ್ಟಿಯಾಗಿ ಓದಿದಳು. ತಂದೆತಾಯಿಯ ಆಸ್ತಿ ಮಕ್ಕಳಿಗೆಲ್ಲ ಸಮಪಾಲು. ಗಂಡು ಹೆಣ್ಣೆಂಬ ಭೇದವಿಲ್ಲ, ಹಿರಿಯರು ಕಿರಿಯರೆಂಬ ಭೇದವಿಲ್ಲ.

ಮುದುಕ ಮೇಜಿನ ಮುಂದೆ ಕೂತ. "ಇನ್ನೊಂದ್ಸಲ ಓದು," ಎಂದ. ಅವಳು ಓದಿದಳು.

"ಅಪ್ಪಾ, ನಮ್ಮೂರ ಪದ್ಧತಿ ಏನು ಇವತ್ತು ನಿನ್ನೆಯದಾ?" ಗಾಸ್ಪಾರ್‌ನ ನಗು ಈಗ ಇಂಗಿತ್ತು. "ಸತ್ತವನ ಮಾತು ಕಟ್ಕೊಂಡು ತೋಟ ಹಾಳು ಮಾಡ್ತೀಯಾ?"

ಅವನು ಎಡವಿದ್ದು ಅಲ್ಲೇ. ಆನ್ಸೆಲ್ಮ್ ಮೇಜು ಹಿಡಿದು ಎದ್ದು, ಕುಂಟುಗಾಲಲ್ಲೇ ಸೆಟೆದು ನಿಂತ.

"ಸತ್ತವನ ಮಾತಾ? ಆ ಮಾತಿಗೆ ಕಣೋ ನಾನು ಮಾಸ್ಕೋ ತನಕ ನಡೆದಿದ್ದು. ನೀನು ತೋಟ ಪಾಲು ಮಾಡೋಕೆ ನಡುಮಧ್ಯಕ್ಕೆ ಒಂದು ಗೂಟ ಹೊಡೆಯೋಕೆ ಆಗಲ್ಲ ಅಂತೀಯಲ್ಲ. ಹೋಗು, ಗೂಟ ತಗೊಂಡ್ಬಾ."

ಗಾಸ್ಪಾರ್ ಗೊಣಗುತ್ತ ಹೊರಗೆ ಹೋದ. ಸಿಡೋನಿಗೆ ಕಣ್ಣು ತುಂಬಿತು. ಸೆರಗಿಲ್ಲದ ಊರು, ತೋಳಿನಲ್ಲೇ ಒರೆಸಿಕೊಂಡಳು. ಚೂರಿ ಹಿಂದಕ್ಕೆ ಕೊಡಲು ಹೋದರೆ ಅಪ್ಪ ತೆಗೆದುಕೊಳ್ಳಲಿಲ್ಲ.

"ಇಪ್ಪತ್ತು ವರ್ಷದಿಂದ ಅವನ ಆಜ್ಞೆ ತಲೆ ಮೇಲಿಟ್ಕೊಂಡು ಬಿಚ್ಚದೇನೇ ಕೂತಿದೀನಿ ನೋಡು," ಎಂದ. "ಕೂತ್ಕೋ ಮಗಳೇ. ಮಿಕ್ಕ ಪುಟಾನೂ ಕೊಯ್ಯಿ. ಊಟ ಆಮೇಲೆ ಮಾಡಿದ್ರಾಯ್ತು."