ಸೊಂಟದ ಮೇಲಿನ ಕರಿ ಹಕ್ಕಳೆ

"ರೋಗ ತಂದು ನನ್ನ ಗದ್ಯಾಗ ಉಗಳಾಕ ಬಂದೀರೇನ್ಬೇ, ರಂಡೇರಾ? ಎಳಕೊಂಡು ಹೋಗ್ ಆಕಿನ್ನ ಹೊರಗ."

ಗೊರೇಬಾಳದ ಸಾಹುಕಾರ ಅಮರಗುಂಡಪ್ಪ ಬದುವಿನ ಮೇಲೆ ನಿಂತು, ಮೂಗಿಗೆ ಟವೆಲ್ ಒತ್ತಿಕೊಂಡು ಬೈಯುತ್ತಿದ್ದ. ಮೊಣಕಾಲುದ್ದ ಕೆಸರಿನಲ್ಲಿ ನೆಲ್ಲು ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಪದ್ಮಾವತಿ ಸಸಿಯ ಕಟ್ಟು ಹಿಡಿದುಕೊಂಡೇ ನೀರಿಗೆ ಕುಸಿದಿದ್ದಳು. ಅವಳ ತಾಯಿ ಗದ್ದೆಮ್ಮ ಆ ಗುಂಪಿನ ಮುಂದಾಳು. ಮಗಳಿಗೆ ಮೂರು ದಿನದಿಂದ ಜ್ವರ, ಒಂದು ದಿನ ಬಿಡ್ರಿ ಎಂದು ಅವಳು ನಿನ್ನೆ ಕೇಳಿದಾಗ, ಒಬ್ಬಾಕಿ ಕಡಿಮೆಯಾದರೂ ಗುಂಪನ್ನೇ ಬದಲಿಸುತ್ತೇನೆ ಎಂದವನು ಇದೇ ಸಾಹುಕಾರ. ಇವತ್ತು ಅವನ ಕಣ್ಣಿಗೆ ಜ್ವರ ಬಿತ್ತು.

ದೂರ ನಿಲ್ಲಿ, ಮುಟ್ಟಬೇಡಿ ಎಂದು ಕೊರೋನಾದ ಆ ವರ್ಷ ಫೋನು ಹಚ್ಚಿದರೂ ಹೇಳುತ್ತಿತ್ತು. ಊರಿಗೆ ಅದು ಹೊಸ ಪಾಠ. ಗದ್ದೆಮ್ಮನ ಕೇರಿಗೆ ಮುತ್ತಜ್ಜನ ಕಾಲದಿಂದ ಬಾಯಿಪಾಠ.

ಮನೆಗೆ ಹೊತ್ತು ತಂದು ಮಗಳ ಮೈಗೆ ಅಂಟಿದ ಕೆಸರು ತೊಳೆಯುವಾಗ ಗದ್ದೆಮ್ಮ ಅದನ್ನು ಕಂಡಳು. ನಾಟಿಗೆ ಇಳಿಯುವಾಗ ಸೀರೆ ಎತ್ತಿ ಬಿಗಿಯುವ ಜಾಗ. ಅಲ್ಲಿ ಒಂದು ಕರಿ ಹಕ್ಕಳೆ, ತೊಗರಿಬೇಳೆಯಷ್ಟು, ಸುತ್ತ ಕೆಂಪು. ನೋವೇನೂ ಇಲ್ಲ, ಯಾವಾಗ ಆಯಿತೋ ಗೊತ್ತೇ ಇಲ್ಲ ಎಂದಳು ಪದ್ಮಾವತಿ. ತಲೆ ಮಾತ್ರ ಸಿಡಿದುಹೋಗುವಂತೆ ನೋಯುತ್ತಿತ್ತು.

ಸಿಂಧನೂರಿನಲ್ಲಿ ಊರ ಹೊರಗಿನ ಒಂದು ಹಾಸ್ಟೆಲ್ಲನ್ನು ಜ್ವರದ ಆಸ್ಪತ್ರೆ ಮಾಡಿದ್ದರು. ಕಿಟಕಿಯ ಒಳಗೆ ಡಾಕ್ಟರು, ಹೊರಗೆ ಸುಣ್ಣದಲ್ಲಿ ಬರೆದ ದುಂಡಗಿನ ಗೆರೆಯೊಳಗೆ ರೋಗಿ. ಕೆಮ್ಮು ಐತೇನು, ಉಸಿರು ಹಿಡಿಯತೈತೇನು, ಅಷ್ಟೇ ಪ್ರಶ್ನೆ. ಗದ್ದೆಮ್ಮ ಹಕ್ಕಳೆಯ ಮಾತು ಎತ್ತಿ ಮಗಳ ಸೆರಗು ಸರಿಸಲು ಹೋದಳು. ಡಾಕ್ಟರು ಅಲ್ಲಿಂದಲೇ ಕಣ್ಣು ಕಿರಿದು ಮಾಡಿದ.

"ಬರೆ ಹಾಕೀರಿ. ಜ್ವರ ಬಂದ್ರ ಸುಡೋದು, ಸಾಯಾಕ ಬಂದಾಗ ತಂದು ನಮ್ಮ ಬಾಗಲಾಗ ಒಗಿಯೋದು. ನಿಮ್ಮ ಮಂದಿಗೆ ಯಾವಾಗ ಬುದ್ಧಿ ಬರತೈತಿ?"

"ಬರೆ ಅಲ್ರೀ ಸಾಹೇಬ್ರ, ಮಗಳ ಆಣಿ. ಒಂದ್ಸಲ ಹತ್ತಿರ ಬಂದು ನೋಡ್ರಿ."

"ಹಿಂದಕ ಸರಿ."

ಆತ ಚೀಟಿಯ ಮೇಲೆ ಏನೋ ಗೀಚಿದ. ಗದ್ದೆಮ್ಮ ಕೂಸಿದ್ದಾಗ ಹಾಕಿದ ಎರಡು ಬರೆ ಅವಳ ಹೊಟ್ಟೆಯ ಮೇಲೆ ಇವತ್ತಿಗೂ ಇವೆ. ಆ ಕಾರಣಕ್ಕೇ, ಎಳೆಗೂಸು ಪದ್ಮಾವತಿಗೆ ಜ್ವರ ಬಂದಾಗ ಅತ್ತೆ ದಬ್ಬಣ ಕಾಯಿಸಿದ್ದನ್ನು ಕಂಡು, ಕೂಸನ್ನು ಎದೆಗವಚಿಕೊಂಡು ಕಾಲುವೆ ದಂಡೆಗುಂಟ ತವರಿಗೆ ಓಡಿದ್ದಳು. ಒಂದು ವರ್ಷ ಗಂಡನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅಂಥವಳ ಮೇಲೆ ಈ ಮಾತು.

ಮೂಗಿನೊಳಗೆ ಕಡ್ಡಿ ಹಾಕಿ ನೋಡಿದರು. ಕೊರೋನಾ ಇಲ್ಲ ಎಂದು ಬಂತು. ಮತ್ತೆ ನೋಡಿದರು, ಮತ್ತೆ ಇಲ್ಲ. ಒಮ್ಮೊಮ್ಮೆ ಹಾಗೇ, ಪರೀಕ್ಷೆಗೆ ಸಿಗುವುದಿಲ್ಲ ಎಂದು ಅದೇ ಮಾತ್ರೆ ಕೊಟ್ಟು ಅದೇ ಹಾಸಿಗೆಯಲ್ಲಿ ಇಟ್ಟುಕೊಂಡರು. ಗದ್ದೆಮ್ಮ ಕಂಪೌಂಡಿನ ಬೇವಿನ ಗಿಡದ ಕೆಳಗೆ ಕೂತಳು. ಎರಡನೆಯ ದಿನ ಪದ್ಮಾವತಿ ಕಿಟಕಿಯ ಸರಳು ಹಿಡಿದು ನಿಂತಳು. ಕಣ್ಣು ಕೆಂಡದಂತಿದ್ದವು.

"ಯವ್ವಾ, ಎಲ್ಲಾರೂ ನಿನ್ನ ತಾಯಿ ಸುಟ್ಟಾಳ ಅನ್ನಾಕತ್ಯಾರ. ಇಲ್ಲ ಅಂದ್ರ ನಗತಾರ."

ಬೈಲಿ ಬಿಡು, ನೀ ಆರಾಮಾಗು ಎಂದಳು ಗದ್ದೆಮ್ಮ. ಅಂಥ ಜ್ವರದಲ್ಲೂ ಮಗಳು ತನಗಾಗಿ ಜಗಳಾಡುತ್ತಿದ್ದಳು.

ನಾಲ್ಕನೆಯ ದಿನ ಅತೀಯಾ ಎಂಬ ನರ್ಸು ಹೊರಗೆ ಬಂದಳು. ಏಳಲಾಗದ ಪದ್ಮಾವತಿಯ ಬಟ್ಟೆ ಬದಲಿಸುವಾಗ ಸೊಂಟ ನೋಡಿದ್ದಳು. ಹಾಗೆ ನೋಡಿದವಳು ಅವಳೊಬ್ಬಳೇ.

"ಅಮ್ಮಾ, ಅದು ಬರೆ ಅಲ್ಲ. ಬದುವಿನ ಹುಲ್ಲಾಗ ಕಣ್ಣಿಗೆ ಕಾಣಲಾರದಷ್ಟು ಸಣ್ಣ ಹುಳ ಇರತಾವ, ಅದು ಕಡದದ್ದು. ಇಂಥಾ ಜ್ವರ ನಾ ಮೊದಲೂ ನೋಡೀನಿ. ಇದಕ ಬ್ಯಾರೆ ಗುಳಿಗಿ ಅದಾವ."

ಬಂದ ದಿನವೇ ಕೊಟ್ಟಿದ್ದರೆ ಎಂದು ಗದ್ದೆಮ್ಮ ಕೇಳಿದಳು. ಡಾಕ್ಟರು ಮೊದಲು ನಿನ್ನ ಕೆಲಸ ನೀ ನೋಡು ಎಂದು ಅತೀಯಾಳನ್ನು ಗದರಿದ್ದ. ಅವಳು ಬಿಡದೆ ಕಾಡಿದ ಮೇಲೆ ಸಂಜೆಗೆ ಆ ಗುಳಿಗೆ ಬರೆದುಕೊಟ್ಟ. ಅಷ್ಟು ಹೊತ್ತಿಗೆ ಪದ್ಮಾವತಿಗೆ ನುಂಗುವ ಶಕ್ತಿ ಇರಲಿಲ್ಲ. ಮರುದಿನ ಬೆಳಿಗ್ಗೆ ಅವಳು ತೀರಿಕೊಂಡಳು. ಇಪ್ಪತ್ತೆರಡು ವರ್ಷ. ಗುಂಪಿನಲ್ಲಿ ಅವಳಷ್ಟು ಚುರುಕು ಕೈ ಯಾರದೂ ಇರಲಿಲ್ಲ.

ಹೆಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಳದಲ್ಲಿ ಇಟ್ಟರು. ಮನೆಗೆ ಕೊಡುವುದಿಲ್ಲ, ಹೆಬ್ಬೆಟ್ಟು ಒತ್ತಿದರೆ ತಾವೇ ಹುಗಿಯುತ್ತೇವೆ ಎಂದರು. ಗದ್ದೆಮ್ಮನ ಬೆರಳಿಗೆ ಮಸಿ ಹಚ್ಚಿಯೂ ಆಯಿತು. ಆಗ ಅವಳು ಕಾಗದದಲ್ಲಿ ಏನು ಬರೆದಿದೆ ಎಂದು ಅತೀಯಾಳನ್ನು ಕೇಳಿದಳು. ಅತೀಯಾ ಡಾಕ್ಟರನ ಮುಖ ನೋಡಿ, ಆಮೇಲೆ ನೋಡುವುದನ್ನು ಬಿಟ್ಟು, ಓದಿ ಹೇಳಿದಳು: ಕೊರೋನಾ ಶಂಕೆ; ಮನೆಯವರು ಬರೆ ಹಾಕಿ ತಡಮಾಡಿ ತಂದಿದ್ದರು.

ಗದ್ದೆಮ್ಮ ಹೆಬ್ಬೆಟ್ಟಿನ ಮಸಿಯನ್ನು ಸೀರೆಗೆ ಒರೆಸಿದಳು. ಅಂಗಳಕ್ಕೆ ನಡೆದು ಚೀಲದ ಜಿಪ್ಪನ್ನು ಸೊಂಟದವರೆಗೆ ಎಳೆದಳು. ಮಗಳ ಬಟ್ಟೆ ಸರಿಸಿದಳು. ಹೊರಲು ಬಂದವರು ಹಿಂದಕ್ಕೆ ಹಾರಿದರು.

"ಬರ್ರಿ ಸಾಹೇಬ್ರ," ಎಂದಳು. ದನಿ ಏರಿರಲಿಲ್ಲ. "ಬೆರಳಿಟ್ಟು ನೋಡ್ರಿ. ನೋಡಿ, ಆ ಕಾಗದಾ ಹರದು ಖರೇ ಏನೈತಿ ಅದನ್ನ ಬರೀರಿ. ಅಲ್ಲೀತನಕ ನಾ ಹೆಬ್ಬೆಟ್ಟು ಒತ್ತಾಂಗಿಲ್ಲ. ನನ್ನ ಮಗಳನ್ನ ಮುಚ್ಚಾಕೂ ಬಿಡಾಂಗಿಲ್ಲ."

ಡಾಕ್ಟರು ಬಾಗಿಲಲ್ಲೇ ನಿಂತು ಪೊಲೀಸರಿಗೆ ಫೋನು ಮಾಡಿದ. ಅಷ್ಟರಲ್ಲಿ ಸಾವಿನ ಸುದ್ದಿ ಕೇಳಿದ ನಾಟಿ ಗುಂಪಿನ ಹೆಂಗಸರು ಗೇಟು ತಳ್ಳಿಕೊಂಡು ಬಂದು ಸುತ್ತಲೂ ಕೂತರು. ಆ ದಿನ ಅಮರಗುಂಡಪ್ಪನ ಗದ್ದೆಗೆ ಒಬ್ಬರೂ ಇಳಿದಿರಲಿಲ್ಲ.

ಹತ್ತಾಯಿತು, ಹನ್ನೊಂದಾಯಿತು. ಪೊಲೀಸರ ಜೀಪು ಬಂದು ಗೇಟಿನ ಹೊರಗೆ ನಿಂತಿತು, ಒಳಗಿದ್ದವರು ಇಳಿಯಲಿಲ್ಲ. ಬಿಸಿಲು ಪದ್ಮಾವತಿಯ ಬರಿ ಸೊಂಟದ ಮೇಲೆ ಬಿತ್ತು. ಗದ್ದೆಮ್ಮ ಸೆರಗಿನಿಂದ ನೊಣ ಹೊಡೆಯುತ್ತ, ಬಾಗಿಲಲ್ಲೇ ನಿಂತಿದ್ದ ಡಾಕ್ಟರನ ಮುಖ ನೋಡುತ್ತ ಕೂತಿದ್ದಳು.