ನೆರೂಳಿನ ಹೆಣ್ಣು

ಅಗ್ಗದ ವಸ್ತು ಕಂಡರೆ ಅದು ಯಾಕೆ ಅಗ್ಗ ಎಂದು ಕೇಳುವ ಅಭ್ಯಾಸ ಪೂವಪ್ಪನಿಗೆ ಇರಲಿಲ್ಲ. ಬೊಂಬಾಯಿ ಪಕ್ಕದ ಠಾಣೆ ಪಟ್ಟಣದ ಹೋಟೆಲೊಂದರ ಗಲ್ಲಾದಲ್ಲಿ ಕೂತು ಕೂದಲು ಬೆಳ್ಳಗಾದ ಮನುಷ್ಯ. ಮಗಳು ಮಾನಸಿ ಬಿಕಾಂ ಮುಗಿಸಿ, ಟ್ಯಾಲಿ ಕಲಿಯಲು ಮನೆಯಲ್ಲೊಂದು ಕಂಪ್ಯೂಟರ್ ಬೇಕೇ ಬೇಕೆಂದು ಹಟ ಹಿಡಿದಾಗ ಅವನು ಹೊಸ ಮಾಲಿನ ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವ ಸೇಠ್ ಒಬ್ಬನಿದ್ದ, ಹೋಟೆಲಿನ ಖಾಯಂ ಗಿರಾಕಿ.

“ಸೆಕೆಂಡ್ ಹ್ಯಾಂಡ್ ನಹೀ ಅಣ್ಣಾ, ರೀಫರ್ಬಿಶ್ಡ್,” ಎಂದು ಸೇಠ್ ತಿದ್ದಿದ. ಬೆಳಗ್ಗೆ ಮಿಕ್ಕ ಇಡ್ಲಿ ಸಂಜೆ ಉಪ್ಪಿಟ್ಟಾಗುವುದನ್ನು ದಿನಾ ನೋಡುವ ಪೂವಪ್ಪನಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಒಳಗಿನದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿ ಕೊಡುವುದಕ್ಕೆ ಬೇರೆ ಚಾರ್ಜು ಎಂದಾಗ, “ಇದ್ದ ಹಾಗೇ ಕೊಡಿ” ಎಂದ. ಮಾನಿಟರು, ಡಬ್ಬ, ಕೀಬೋರ್ಡು ಎಲ್ಲವೂ ಲೋಕಲ್ ಟ್ರೇನಿನ ಲಗೇಜು ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಕೂತು ಡೊಂಬಿವಲಿಯ ಮನೆಗೆ ಬಂದವು. ಅದು ಎರಡು ಸಾವಿರದ ಎಂಟರ ಜೂನ್, ಮಳೆ ಇನ್ನೇನು ಶುರುವಾಗುವುದರಲ್ಲಿತ್ತು.

ಹೆಂಡತಿ ಸುಂದರಿ ಮಾನಿಟರಿನ ಹಣೆಗೆ ಕುಂಕುಮ ಹಚ್ಚಿ ಅಡಿಗೆ ಮನೆಗೆ ಹೋದಳು. ಮಾನಸಿ ಬಟನ್ ಒತ್ತಿದಳು. ಎಲ್ಲರ ಮನೆಯ ಕಂಪ್ಯೂಟರಿನಲ್ಲಿ ಬರುವ ಸಂಗೀತ ಬರಲಿಲ್ಲ. ಒಂದು ಹುಡುಗಿಯ ದನಿ, ಓಡಿ ಬಂದು ಏದುಸಿರು ಬಿಡುವಂಥ ದನಿ, ಶುದ್ಧ ಮೈಸೂರು ಕನ್ನಡದಲ್ಲಿ ಹೇಳಿತು:

“ಅಮ್ಮಾ, ಬಂದೆ.”

ಒಲೆಯ ಮುಂದಿದ್ದ ಸುಂದರಿ ‘ಹಾಂ’ ಎನ್ನಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡಳು. ಅವಳ ಊರಲ್ಲಿ, ಕಾರ್ಕಳದ ಕಡೆ, ಮುಖ ಕಾಣದ ದನಿ ಕರೆದರೆ ಓಗೊಡುವುದಿಲ್ಲ. ಕರೆದದ್ದು ಕುಲೆ, ಅಂದರೆ ಸತ್ತವರ ಜೀವ, ಆಗಿದ್ದರೆ ಓಗೊಟ್ಟವರ ಬೆನ್ನು ಹಿಡಿಯುತ್ತದೆ.

ಮಾನಸಿ ನಕ್ಕಳು. “ಮಮ್ಮಿ, ಸೆಟಿಂಗ್ ಹೈ. ಯಾರೋ ತಮ್ಮ ಆವಾಜ್ ರೆಕಾರ್ಡ್ ಮಾಡಿ ಹಾಕಿದ್ದಾರೆ.” ಬಂದ್ ಮಾಡಿ ತೋರಿಸಿದಳು. ಪರದೆ ಕಪ್ಪಾಗುವ ಮೊದಲು ಅದೇ ದನಿ ಹೇಳಿತು: “ಅಮ್ಮಾ, ಹೋಗ್ಬರ್ತೀನಿ.”

“ಅದನ್ನು ತೆಗೀಬೇಡ,” ಎಂದಳು ಸುಂದರಿ. “ಉತ್ತರವೂ ಕೊಡಬೇಡ.” ಯಾಕೆ ತೆಗೆಯಬಾರದೆಂದು ಅವಳಿಗೂ ಗೊತ್ತಿರಲಿಲ್ಲ. ಬಂದವಳನ್ನು ಹೊರಗೆ ಹಾಕಬಾರದು ಎಂದಷ್ಟೇ ಅನಿಸಿತ್ತು.

ಆಮೇಲೆ ಆ ಮನೆ ಮೊದಲಿನಂತೆ ಉಳಿಯಲಿಲ್ಲ. ಒಂದು ರೂಮು, ಒಂದು ಕಿಚನ್, ಅಡಗಲು ಜಾಗವೆಲ್ಲಿ? ದನಿ ಬಂದಾಗೆಲ್ಲ ಸುಂದರಿಯ ಕೈಯಲ್ಲಿದ್ದ ಸೌಟು ನಿಲ್ಲುತ್ತಿತ್ತು. ಮಾನಸಿ ಹೆಡ್‌ಫೋನ್ ಹಾಕಿಕೊಂಡರೂ ಪ್ರಯೋಜನವಾಗಲಿಲ್ಲ. ಮಗಳು ಬಟನ್ ಒತ್ತುವುದು ಕಂಡರೆ ಸಾಕು, ಸುಂದರಿಗೆ ಕಿವಿಯೊಳಗೇ ಕೇಳುತ್ತಿತ್ತು. ಅವಳಿಗೆ ಹೆದರಿಕೆಯಾಗಿತ್ತು. ಹೆದರಿಕೆಗಿಂತ ಹೆಚ್ಚಾಗಿ, ಪಾಪ, ಇಷ್ಟು ಕರೆದರೂ ಯಾರೂ ಮಾತಾಡಿಸುವುದಿಲ್ಲವಲ್ಲ ಎಂಬ ಸಂಕಟ.

ಒಂದು ಭಾನುವಾರ ಗಂಡನನ್ನು ಹಿಡಿದು ಕೂರಿಸಿದಳು. “ಯಾರದ್ದು ಅದು? ಸತ್ಯ ಹೇಳಿ.”

ಪೂವಪ್ಪ ಮೀಸೆ ಸವರಿದ, ಫ್ಯಾನು ನೋಡಿದ. “ನೆರೂಳಿನವರದ್ದು. ಮೈಸೂರು ಕಡೆಯ ಜನ. ಮಗಳ ಕಂಪ್ಯೂಟರಂತೆ. ಅವಳು ಜ್ವರದಲ್ಲಿ ಹೋದಳು. ಸೇಠ್ ಮೊದಲೇ ಹೇಳಿದ್ದ ಮಾರಾಯ್ತಿ. ಗೊತ್ತಾದವರು ಯಾರೂ ತಗೊಳ್ಳಲಿಲ್ಲ, ಅದಕ್ಕೇ ಕಡಿಮೆಗೆ ಬಂತು.”

ಈಗ ಬೈಗುಳ ಬರುತ್ತದೆಂದು ಅವನು ತಲೆ ತಗ್ಗಿಸಿ ಕಾದ. ಸುಂದರಿ ಕೇಳಿದ್ದು ಬೇರೆ.

“ಮದುವೆ ಆಗಿತ್ತಾ ಅವಳಿಗೆ?”

ಪೂವಪ್ಪನ ಕೈ ಮೀಸೆಯ ಮೇಲೇ ನಿಂತಿತು. ಅವಳು ಎಲ್ಲಿಗೆ ಬಂದಳೆಂದು ಅವನಿಗೆ ತಕ್ಷಣ ತಿಳಿಯಿತು.

ತುಳುವರ ನಾಡಿನಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ಅವರಿಗೂ ಜೋಡಿ ಹುಡುಕಬೇಕು. ಅಂಥದೇ ಮಗುವನ್ನು ಕಳೆದುಕೊಂಡ ಇನ್ನೊಂದು ಮನೆಗೆ ಹೋಗಿ ಹೆಣ್ಣು ಕೇಳಬೇಕು. ಆಟಿ ತಿಂಗಳ ಮಳೆಯಲ್ಲಿ, ಒಂದು ಮಣೆಯ ಮೇಲೆ ಸೀರೆ, ಒಂದು ಮಣೆಯ ಮೇಲೆ ಪಂಚೆ ಇಟ್ಟು ಧಾರೆ ಎರೆಯಬೇಕು. ಇಲ್ಲದಿದ್ದರೆ ಆ ಮಗು ಒಂಟಿಯಾಗಿ ಮನೆಯ ಸುತ್ತ ಸುತ್ತುತ್ತದೆ, ತಂಗಿಯರ ಮದುವೆಗೆ ಅಡ್ಡ ನಿಲ್ಲುತ್ತದೆ ಎನ್ನುತ್ತಾರೆ. ಸುಂದರಿಯ ಮೊದಲ ಮಗ ದಯಾನಂದ ಆರು ವರ್ಷಕ್ಕೆ ಕಾಮಾಲೆಯಲ್ಲಿ ಹೋಗಿದ್ದ. ಇದ್ದಿದ್ದರೆ ಇಪ್ಪತ್ತೈದು. ಮಾನಸಿಗೆ ಕೂಡಿಬಂದ ಎರಡು ಸಂಬಂಧಗಳು ಮಾತುಕತೆಯಾಗಿ ಮುರಿದಿದ್ದವು. ಊರಿನ ಜೋಯಿಸರು, ದೊಡ್ಡವನು ಕಾಯುತ್ತಿದ್ದಾನೆ ಎಂದಿದ್ದರು. ಊರವರು ಹುಡುಕಿದರೂ ಬೊಂಬಾಯಿಯಲ್ಲಿ ಸತ್ತ ಹುಡುಗನಿಗೆ ಹೆಣ್ಣು ಸಿಕ್ಕಿರಲಿಲ್ಲ.

“ಅವರು ನಮ್ಮ ಜಾತಿಯಲ್ಲ, ನಮ್ಮ ಊರಲ್ಲ,” ಎಂದ ಪೂವಪ್ಪ. “ಈ ಕ್ರಮ ಅವರಿಗೆ ಗೊತ್ತೂ ಇಲ್ಲ. ಹೊಡೆದು ಓಡಿಸಿಯಾರು.”

“ಹೊಡೀಲಿ. ಮಾನಸಿಯದ್ದು ಒಂದು ಕಡೆ ಇರಲಿ. ಅವನು ಒಬ್ಬನೇ ಇದ್ದಾನೆ, ಗೊತ್ತುಂಟಾ ನಿಮಗೆ? ಇಷ್ಟು ವರ್ಷ ಒಬ್ಬನೇ.” ಸುಂದರಿ ಅತ್ತಳು. ಮಗ ಹೋದಾಗಿನ ಅಳು ಅದು, ಅಲ್ಲೇ ಇತ್ತು.

ಸೇಠ್ ವಿಳಾಸ ಕೊಟ್ಟ. ಗಂಡ ಹೆಂಡತಿ ಠಾಣೆಯಲ್ಲಿ ಟ್ರೇನು ಬದಲಿಸಿ ನೆರೂಳಿಗೆ ಹೋದರು. ಚೀಲದಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಒಂದು ಮೊಳ ಮಲ್ಲಿಗೆ. ಬಾಗಿಲು ತೆರೆದವಳು ಜಾನಕಿ, ಹುಡುಗಿಯ ತಾಯಿ. ಕನ್ನಡ ಕೇಳಿ, ಕನ್ನಡ ಸಂಘದವರಿರಬೇಕೆಂದು ಒಳಗೆ ಕರೆದು ನೀರು ಕೊಟ್ಟಳು. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಫೋಟೋ. ಕೆಳಗೆ ಇಂಚರ ಎಂದು ಹೆಸರು. ಹುಡುಗಿಗೆ ಮುಂದಿನ ಹಲ್ಲು ಸ್ವಲ್ಪ ಉಬ್ಬು. ಸುಂದರಿ ಆ ಹಲ್ಲನ್ನು ಅತ್ತೆಯ ಕಣ್ಣಿನಿಂದಲೇ ನೋಡಿದಳು, ಪರವಾಗಿಲ್ಲ, ಲಕ್ಷಣವಾಗಿದ್ದಾಳೆ ಎಂದುಕೊಂಡಳು.

“ನಿಮ್ಮ ಕಂಪ್ಯೂಟರ್ ನಮ್ಮಲ್ಲಿ ಉಂಟು ಅಮ್ಮ. ನಿಮ್ಮ ಮಗಳು ನಮ್ಮ ಮನೆಯಲ್ಲಿ ದಿನಾ ಮಾತಾಡ್ತಾಳೆ.”

ಜಾನಕಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಸೋಫಾದಲ್ಲಿ ಕೂತಿದ್ದ ಗಂಡ ಗಣಪತಿಯ ಕಡೆ ತಿರುಗಿದಳು. ಅವರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಹೆಂಡತಿ ಮೈಸೂರಿಗೆ ಹೋಗಿದ್ದಾಗ ಅವಳಿಗೆ ತಿಳಿಸದೆ ಅದನ್ನು ಮಾರಿದವರು ಅವರೇ. ಸುಂದರಿ, ತಡೆದರೆ ಧೈರ್ಯ ಹೋಗುತ್ತದೆಂದು ಚೀಲದಿಂದ ಕಾಯಿ, ವೀಳ್ಯ ತೆಗೆದು ಟೀಪಾಯಿಯ ಮೇಲಿಟ್ಟು, ಬಂದ ಕಾರಣವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಗಣಪತಿ ನಿಧಾನವಾಗಿ ಎದ್ದು ನಿಂತರು. “ಸತ್ತ ಮಗೂನ ಇಟ್ಕೊಂಡು ಆಟ ಆಡ್ತೀರಾ? ಎದ್ದು ಹೋಗಿ.” ಅವರು ಗದರಲಿಲ್ಲ. ಗದರಿದ್ದರೆ ಪೂವಪ್ಪನಿಗೆ ಸುಲಭವಾಗುತ್ತಿತ್ತು. “ನಾನು ಠಾಣೆ ಸ್ಟೇಷನ್ ಎದುರಿನ ಹೋಟೆಲಲ್ಲಿ ಗಲ್ಲಾದಲ್ಲಿರ್ತೇನೆ ಸರ್, ಕಂಪ್ಯೂಟರ್ ಬೇಕಾದರೆ ವಾಪಸ್ ತಗೊಳ್ಳಿ” ಎಂದು ತೊದಲಿ, ಹೆಂಡತಿಯ ತೋಳು ಹಿಡಿದು ಹೊರಟ. ಕಾಯಿ ಟೀಪಾಯಿಯ ಮೇಲೇ ಉಳಿಯಿತು.

ಸುಂದರಿಗೆ ಆ ಅವಮಾನ ಜೀರ್ಣವಾಗಲಿಲ್ಲ. ಮಗನಿಗೂ ಅವಮಾನ ಮಾಡಿಸಿದೆನಲ್ಲ ಎಂದು ಕೊರಗಿದಳು. ಅಡಿಗೆಯಲ್ಲಿ ಉಪ್ಪು ತಪ್ಪತೊಡಗಿತು. ಕೊನೆಗೆ ಅವಳೇ ಮಾನಸಿಗೆ ಹೇಳಿದಳು, “ಶನಿವಾರ ಸೇಠ್‌ನ ಕರೆಸು. ಎಲ್ಲ ಅಳಿಸಲಿ.”

ಶನಿವಾರ ಮಧ್ಯಾಹ್ನ ಬಾಗಿಲು ಬಡಿದದ್ದು ಸೇಠ್ ಅಲ್ಲ. ಪೂವಪ್ಪ ಗಲ್ಲಾ ಬಿಟ್ಟು ಬಂದಿದ್ದ. ಅವನ ಹಿಂದೆ, ಒದ್ದೆ ಕೊಡೆ ಹಿಡಿದು, ಜಾನಕಿ. ಒಬ್ಬಳೇ ಹೋಟೆಲು ಹುಡುಕಿಕೊಂಡು ಬಂದಿದ್ದಳು.

“ಒಂದ್ಸಲ ಕೇಳಿಸ್ತೀರಾ?” ಎಂದಳು.

ಮಾನಸಿ ಹೆಡ್‌ಫೋನಿನ ವಯರು ಕಿತ್ತು ಬಟನ್ ಒತ್ತಿದಳು. ಹಳೆಯ ಯಂತ್ರ, ಏಳಲು ಹೊತ್ತು ಹಿಡಿಯಿತು.

“ಅಮ್ಮಾ, ಬಂದೆ.”

“ಬಂದ್ಯಾ? ಕೈಕಾಲು ತೊಳ್ಕೋ,” ಎಂದುಬಿಟ್ಟಳು ಜಾನಕಿ, ಯೋಚನೆಯಿಲ್ಲದೆ, ಎಂದಿನ ಹಾಗೆ.

ಓಗೊಡಬೇಡಿ ಎನ್ನಲು ಹೊರಟ ಸುಂದರಿ ಸುಮ್ಮನಾದಳು. ತಾಯಿಗೆ ಯಾವ ಶಾಸ್ತ್ರ ಹೇಳುವುದು? ಜಾನಕಿ ಕುರ್ಚಿಯ ಅಂಚಿನಲ್ಲಿ ಕೂತು ತುಂಬ ಹೊತ್ತು ಅತ್ತಳು. ಸುಂದರಿ ಕಾಫಿ ತಂದಿಟ್ಟಳು. ಅದು ಆರಿತು. ಜಾನಕಿ ಮುಖ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಗಂಡಿನ ಮನೆ ನೋಡಲು ಬಂದವರು ಕೂರುವ ಹಾಗೆ ನೆಟ್ಟಗೆ ಕೂತಳು.

“ನಮ್ಮನೆಯವರು ಒಪ್ಪಿಲ್ಲ. ನಾನು ಕಾಯಿ ಒಳಗಿಟ್ಟಿದೀನಿ.” ಸ್ವಲ್ಪ ತಡೆದು ಕೇಳಿದಳು, “ಹುಡುಗ ಎಷ್ಟು ಓದಿದಾನೆ?”

ಸುಂದರಿ ಗಂಡನ ಮುಖ ನೋಡಿದಳು. ಸುಳ್ಳು ಹೇಳಿ ಹೆಣ್ಣು ತರಬಾರದು.

“ಒಂದನೇ ಕ್ಲಾಸು ಅಮ್ಮ. ಅದೂ ಪೂರ್ತಿ ಆಗಲಿಲ್ಲ.”

ಜಾನಕಿ ತಲೆಯಾಡಿಸಿದಳು. “ಇಂಚರ ಬಿಎಸ್ಸಿ ಓದ್ತಿದ್ಲು. ಪಕ್ಕದ ಮನೆ ಮಕ್ಕಳಿಗೆ ಪಾಠ ಹೇಳ್ತಿದ್ಲು. ಇವನಿಗೂ ಹೇಳ್ಕೊಡ್ತಾಳೆ, ಬಿಡಿ.”

ಪೂವಪ್ಪ ಗೋಡೆಯ ಕಡೆ ತಿರುಗಿ ನಿಂತ. ಸುಂದರಿ ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು, ತಣ್ಣಗಿದ್ದವು.

ಹೊರಡುವ ಮೊದಲು ಜಾನಕಿ ಮಾನಸಿಗೆ ಹೇಳಿದಳು, “ಬಂದ್ ಮಾಡಮ್ಮ. ಆಸ್ಪತ್ರೇಲಿ ಅವಳು ಹೇಳಿ ಹೋಗಲಿಲ್ಲ. ನಾನೂ ಏನೂ ಹೇಳಲಿಲ್ಲ.”

ಮಾನಸಿ ಬಂದ್ ಮಾಡಿದಳು.

“ಅಮ್ಮಾ, ಹೋಗ್ಬರ್ತೀನಿ.”

“ಹೂಂ ಕಂದ,” ಎಂದಳು ಜಾನಕಿ. “ಹೋಗಿ ಬಾ.”